ಬೀಜಕ್ಕೆ ಕೊಟ್ಟ ಬಿಡುವು

ಬಸ್ಸು ಚಿತ್ರದುರ್ಗದ ಕೊನೆಯ ಮನೆಗಳನ್ನು ದಾಟಿ, ಜೋಗಿಮಟ್ಟಿ ಕಡೆಯ ಗುಡ್ಡಗಳು ಕಿಟಕಿಯಲ್ಲಿ ಕಾಣಿಸುವ ಹೊತ್ತಿಗೆ ಅವರು ಚಪ್ಪಲಿ ಬಿಟ್ಟು ಒಂದು ಕಾಲು ಮಡಚಿ ಸೀಟಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಸೀರೆಯ ಅಂಚನ್ನು ಸ್ವಲ್ಪ ಎತ್ತಿ, ಕಣಕಾಲಿನ ಹತ್ತಿರ ಹೆಬ್ಬೆರಳು ಒತ್ತಿ ತೆಗೆದು, ಅಲ್ಲಿ ಬಿದ್ದ ಗುಳಿಯನ್ನು ನೋಡುತ್ತ ಕೂರುತ್ತಿದ್ದರು. ಗುಳಿ ತುಂಬಿಕೊಳ್ಳುವವರೆಗೆ ಮಾತಿಲ್ಲ. ಬೇಗ ತುಂಬಿದರೆ "ಇವತ್ತು ಪರವಾಗಿಲ್ಲ" ಎಂದು ಕಾಲು ಇಳಿಸುತ್ತಿದ್ದರು. ತಡವಾದರೆ ಚೀಲದಿಂದ ಹುರಿದ ಕಡಲೆಕಾಯಿಯ ಪೊಟ್ಟಣ ತೆಗೆದು ನನ್ನ ಕೈಗೆ ಕೊಡುತ್ತಿದ್ದರು. ಉಪ್ಪು ಹಾಕಿ ಹುರಿದದ್ದು. ಅಂದರೆ ಇವತ್ತು ಅವರು ತಿನ್ನುವ ಹಾಗಿಲ್ಲ, ಕಾಲು ಊದಿದೆ ಎಂದು ಅರ್ಥ. ಕೊನೆಕೊನೆಗೆ ನಾನು ದಿನವೂ ಕಡಲೆಕಾಯಿ ತಿನ್ನುವಂತಾಯಿತು.

ನಾವಿಬ್ಬರೂ ಹೊಳಲ್ಕೆರೆಯ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. ನನ್ನದು ಕನ್ನಡ, ಅವರದು ಜೀವಶಾಸ್ತ್ರ. ಇಬ್ಬರ ಮನೆಯೂ ಚಿತ್ರದುರ್ಗದಲ್ಲಿ, ಹೋಗಿಬರುವ ಬಸ್ಸೂ ಒಂದೇ. ನನಗಿಂತ ಐದಾರು ವರ್ಷ ದೊಡ್ಡವರು. ಕಾಲೇಜಿನಲ್ಲಿ ಮೇಡಂ ಎನ್ನುತ್ತಿದ್ದೆ, ಬಸ್ಸು ಹತ್ತಿದ ಮೇಲೆ ಅಕ್ಕ. ಅವರು ಮಾತ್ರ ಎರಡೂ ಕಡೆ ನನ್ನನ್ನು "ಕನ್ನಡ ಮೇಡಂ" ಎಂದೇ ಕರೆಯುತ್ತಿದ್ದರು. ಈ ವರ್ಷ ಬೇಸಿಗೆ ಕಾಲಿಡುವ ಮುಂಚೆ ತೀರಿಕೊಂಡರು. ಅವರ ಹೆಸರು ಬರೆಯುವುದಿಲ್ಲ. ಅವರ ಕಥೆಯೊಳಗೆ ಇನ್ನೊಬ್ಬ ಹೆಂಗಸು ಇದ್ದಾರೆ. ಯಾರಾದರೂ ಇದನ್ನು ಓದಿ ಆಕೆಗೆ ಹೇಳುವುದು ಬೇಡ.

ಕಾಲೇಜಿನ ಸಂತಾಪ ಸಭೆಯಲ್ಲಿ ಪ್ರಿನ್ಸಿಪಾಲರು "ಮೃದು ಸ್ವಭಾವದ ಸಹೋದ್ಯೋಗಿ" ಎಂದಾಗ ಹಿಂದಿನ ಸಾಲಿನಲ್ಲಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಣ್ಣದ ಸೀಮೆಸುಣ್ಣವನ್ನು ಕನ್ನಡಕದ ಡಬ್ಬಿಯಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದ ಹೆಂಗಸು ಅವರು. ಯಾರಾದರೂ ಒಂದು ತುಂಡು ಕೇಳಿದರೆ "ಯಾಕೆ, ರಂಗೋಲಿ ಬಿಡ್ತೀರಾ?" ಎಂದು ಕೇಳಿ, ಡಬ್ಬಿ ಮುಚ್ಚಿ, ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಕಿಟಕಿಯ ಗಾಜು ಸರಿಸುವ ವಿಷಯಕ್ಕೆ ಅವರು ಜಗಳವಾಡದ ಪ್ರಯಾಣಿಕರು ಆ ದಾರಿಯಲ್ಲಿ ಕಡಿಮೆ. ಜಗಳ ಮುಗಿದ ಮೇಲೆ ಅದೇ ಪ್ರಯಾಣಿಕರ ಮಗುವಿಗೆ ಬಾಳೆಹಣ್ಣು ಕೊಡುವುದೂ ಇತ್ತು. ಆದರೆ ಗಾಜು ಮಾತ್ರ ಅವರು ಹೇಳಿದಷ್ಟೇ ತೆರೆದಿರಬೇಕು.

ನನ್ನ ತರಗತಿಗೂ ಅವರ ತರಗತಿಗೂ ನಡುವೆ ಒಂದು ಪ್ಲೈವುಡ್ ಗೋಡೆ. ಅದರ ಮೇಲ್ಭಾಗ ಖಾಲಿ. ಹಾಗಾಗಿ ವರ್ಷಕ್ಕೊಂದು ಸಲ ಜೀವಕೋಶದ ಪಾಠವನ್ನು ನನ್ನ ಮಕ್ಕಳೂ ನಾನೂ ಪುಕ್ಕಟೆ ಕೇಳಿಸಿಕೊಳ್ಳುತ್ತಿದ್ದೆವು. ಪುಸ್ತಕದಲ್ಲಿ ನಾಲ್ಕು ಸಾಲಿನಲ್ಲಿ ಮುಗಿದುಹೋಗುವ ವಿಷಯವನ್ನು ಅವರು ಇಡೀ ಪೀರಿಯಡ್ ಎಳೆಯುತ್ತಿದ್ದರು.

"ಒಂದು ಕೋಶಕ್ಕೆ ಬಿಸಿ ತಾಗ್ತೈತೆ ಅಂತ ಇಟ್ಕಳ್ರಿ. ಒಳಗಿರೋ ಪ್ರೋಟೀನೆಲ್ಲ ಆಕಾರ ಕಳ್ಕಂತವೆ. ಮೊಟ್ಟೆ ಬೇಯಿಸ್ದಾಗ ಬಿಳೀದು ಗಟ್ಟಿ ಆಗಲ್ವಾ, ಹಂಗೆ. ಆವಾಗ ಕೋಶ ಏನ್ ಮಾಡ್ತೈತೆ? ಮಾಡ್ತಿದ್ದ ಕೆಲ್ಸ ಎಲ್ಲ ಬಿಡ್ತೈತೆ. ಬೆಳೆಯೋದು ಬಿಡ್ತೈತೆ, ಒಂದು ಎರಡಾಗೋದು ಬಿಡ್ತೈತೆ. ಮನೆಗೆ ಬೆಂಕಿ ಬಿದ್ದಾಗ ಯಾರಾದ್ರೂ ರೊಟ್ಟಿ ತಟ್ತಾ ಕುಂತಿರ್ತಾರೇನ್ರಪ್ಪಾ? ಮೊದ್ಲು ಸಹಾಯಕ್ಕೆ ಅಂತಲೇ ಬೇರೆ ಪ್ರೋಟೀನು ಮಾಡ್ಕಂತೈತೆ. ಅವು ಬಂದು, ಮುದುರಿ ಹೋಗ್ತಿರೋವನ್ನ ರಟ್ಟೆ ಹಿಡಿದು ನಿಲ್ಲಿಸ್ತವೆ. ಬಿಸಿ ಹೋಯ್ತಾ? ಕೋಶ ಮತ್ತೆ ತನ್ನ ಕೆಲ್ಸಕ್ಕೆ ಹೋಗ್ತೈತೆ. ಇನ್ನೊಂದ್ಸಲ ಬಿಸಿ ಬಂದ್ರೆ ಮೊದಲಿಗಿಂತ ಚೆನ್ನಾಗಿ ತಡ್ಕಂತೈತೆ."

ಊಟ ಸಿಗದ ಕೋಶ ತನ್ನೊಳಗಿನ ಹಳೆಯ ಭಾಗಗಳನ್ನು ತಾನೇ ಜೀರ್ಣಿಸಿಕೊಂಡು ಬದುಕುತ್ತದೆ ಎನ್ನುವುದಕ್ಕೆ ಅವರ ಹೋಲಿಕೆ ಬೇರೆ. "ಸೌದೆ ಮುಗಿದಾಗ ಅಟ್ಟದ ಮೇಲಿನ ಮುರುಕಲು ತೊಟ್ಟಿಲು ಇಳಿಸಿ ಒಲೆಗೆ ಹಾಕ್ದಂಗೆ. ಒಂದಿನ ಹಾಕಿದ್ರೆ ಒಳ್ಳೇದೇ, ಅಟ್ಟ ಚೊಕ್ಕ ಆಗ್ತೈತೆ. ದಿನಾ ಹಿಂಗೇ ಆದ್ರೆ? ತೊಟ್ಟಿಲು ಮುಗೀತು, ಆಮೇಲೆ ಮಂಚ, ಆಮೇಲೆ ಬಾಗ್ಲು, ಆಮೇಲೆ ತೊಲೆ."

ಒಂದು ವರ್ಷ ಹುಡುಗನೊಬ್ಬ ಎದ್ದು ಕೇಳಿದ: "ಮೇಡಂ, ಹಂಗಾದ್ರೆ ನಮ್ಮಜ್ಜಿ ಸೆಲ್ಲು ಭಾಳ ಗಟ್ಟಿ ಇರ್ಬೇಕು. ದಿನಾ ಬೆಳಗಾದ್ರೆ ನಮ್ಮಮ್ಮನ ಕೂಡ ಜಗಳ."

ತರಗತಿಯೆಲ್ಲ ನಕ್ಕಿತು. ಗೋಡೆಯ ಈಚೆ ನನ್ನ ಮಕ್ಕಳೂ ನಕ್ಕರು.

"ಅಜ್ಜಿದು ಗಟ್ಟಿನೇ ಇರ್ತೈತೆ ಕುಂತ್ಕಳಪ್ಪ, ಬೈಯೋರಿಗೆ ಬೈದ ಮೇಲೆ ಬಿಡುವು ಇರ್ತೈತೆ. ನಿಮ್ಮಮ್ಮನ್ನ ನೋಡ್ಕ. ಅಜ್ಜಿ ಮಾತು ನಿಲ್ಸಿದ್ ಮೇಲೂ ಅಮ್ಮನ ಕಿವೀಲಿ ಅದು ಓಡ್ತಿರ್ತೈತೆ," ಎಂದರು. ಮಕ್ಕಳು ಇದಕ್ಕೂ ನಗಲು ಹೊರಟು, ಯಾಕೋ ಅರ್ಧಕ್ಕೆ ನಿಂತರು.

ಪಾಠದ ಕೊನೆ ಪ್ರತಿವರ್ಷ ಒಂದೇ ಥರ. ರಿಪೇರಿ ಮೀರಿ ಕೆಟ್ಟ ಕೋಶ ಏನು ಮಾಡುತ್ತದೆ? "ತನ್ನನ್ನ ತಾನೇ ಮಡಚಿ ಇಟ್ಕಂತೈತೆ. ಪಕ್ಕದ ಕೋಶಕ್ಕೆ ತೊಂದ್ರೆ ಆಗ್ದಂಗೆ, ಸದ್ದಿಲ್ದಂಗೆ." ಈ ಮಾತು ಬರುವಾಗ ಅವರ ದನಿ ಇಳಿಯುತ್ತಿತ್ತು. ನಾನು ಪದ್ಯ ಓದುವುದನ್ನು ನಿಲ್ಲಿಸಿ ಕಾಯುತ್ತಿದ್ದೆ.

ಅವರ ಯಜಮಾನರು ಬಸ್ ಕಂಡಕ್ಟರ್ ಆಗಿದ್ದವರು. ಎತ್ತರದ ಆಳು, ಭಾರೀ ಮಾತುಗಾರ. ಚಿಲ್ಲರೆ ಇಲ್ಲದವರಿಗೆ ಚಿಲ್ಲರೆಯ ಬದಲು ಒಂದು ಜೋಕು ಕೊಟ್ಟು ಇಳಿಸುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ಅವರಿಗೆ ಲಕ್ವ ಹೊಡೆದು, ಬಲಭಾಗವೆಲ್ಲ ಬಿದ್ದುಹೋಗಿ, ಹಾಸಿಗೆ ಹಿಡಿದಿದ್ದರು. ಮಾತು ಹೋಗಿತ್ತು. ಉಳಿದದ್ದು ಒಂದೇ ಶಬ್ದ: ರೈಟ್. ಬಾಯಾರಿದರೂ ರೈಟ್, ಬೆನ್ನು ಉರಿದರೂ ರೈಟ್, ನಾವು ಹೋಗಿ ಹೇಗಿದ್ದೀರಿ ಎಂದರೂ ರೈಟ್. ಯಾವ ರೈಟಿಗೆ ನೀರು, ಯಾವ ರೈಟಿಗೆ ಮಗ್ಗುಲು ಬದಲಿಸುವುದು ಎನ್ನುವುದು ಇವರಿಗೆ ಒಬ್ಬರಿಗೇ ಗೊತ್ತಾಗುತ್ತಿತ್ತು.

"ಎಲ್ಲಾ ಬಿಟ್ಟು ಅದೊಂದೇ ಉಳೀಬೇಕಿತ್ತಾ ಕನ್ನಡ ಮೇಡಂ? ಹೋಲ್ಡಾನ್ ಅಂತಾದ್ರೂ ಉಳಿದಿದ್ರೆ ನಾನೂ ಎಲ್ಲಾದ್ರೂ ಒಂದ್ಕಡೆ ಇಳೀತಿದ್ದೆ," ಎಂದು ಒಮ್ಮೆ ಹೇಳಿ ತಾವೇ ಜೋರಾಗಿ ನಕ್ಕಿದ್ದರು. ಮುಂದಿನ ಸೀಟಿನವರು ತಿರುಗಿ ನೋಡಿದ್ದರು.

ಮಕ್ಕಳಿರಲಿಲ್ಲ. ಹಗಲು ಹೊತ್ತಿಗೆ ಬೀದಿಯ ಒಬ್ಬ ಹೆಂಗಸು ಬಂದು ಕೂರುತ್ತಿದ್ದರು. ಸಂಜೆಯಿಂದ ಬೆಳಗಿನವರೆಗೆ ಇವರೇ. ಬೆನ್ನು ಹುಣ್ಣಾಗಬಾರದೆಂದು ಎರಡೆರಡು ಗಂಟೆಗೊಮ್ಮೆ ಯಜಮಾನರ ಮಗ್ಗುಲು ಬದಲಿಸಬೇಕು. ಮೊದಮೊದಲು ಮೊಬೈಲಿನಲ್ಲಿ ಅಲಾರಂ ಇಡುತ್ತಿದ್ದರಂತೆ, ಆಮೇಲೆ ಅದೂ ಬೇಕಾಗಲಿಲ್ಲ. ಬೆಳಿಗ್ಗೆ ಯಜಮಾನರಿಗೆ ಮೈ ಒರೆಸಿ, ಎಣ್ಣೆ ಹಚ್ಚಿ, ಪೌಡರ್ ಹಾಕಿ, ಗಂಜಿ ಕುಡಿಸಿ ಬಸ್ಸಿಗೆ ಬರುತ್ತಿದ್ದರು. ಅಕ್ಕನ ಕೈಯಿಂದ ಯಾವಾಗಲೂ ಎಳೆಮಕ್ಕಳಿಗೆ ಹಾಕುವ ಆ ಪೌಡರಿನ ವಾಸನೆ. ಅಷ್ಟು ವರ್ಷ ಮಲಗಿದ್ದರೂ ಯಜಮಾನರ ಬೆನ್ನ ಮೇಲೆ ಒಂದು ಹುಣ್ಣಾಗಿರಲಿಲ್ಲ.

ಸಹಾಯಕ್ಕೆಂದು ಇದ್ದವರು ತಾಳ್ಯ ಊರಿನ ನಾದಿನಿ ಒಬ್ಬರೇ. ಯಜಮಾನರ ತಂಗಿ. ಹೊಲಮನೆ, ಎರಡು ಎಮ್ಮೆ ಬಿಟ್ಟು ಬರಲಾಗದ ಹೆಂಗಸು. ಹಬ್ಬಕ್ಕೊಮ್ಮೆ ಮೊಸರಿನ ಡಬ್ಬ, ಸೊಪ್ಪಿನ ಗಂಟು ಹಿಡಿದು ಬರುತ್ತಿದ್ದರು. ಬಂದವರೇ ಬಾಗಿಲಲ್ಲಿಯೇ ಶುರು: "ಅತ್ತಿಗೆ, ಕಣ್ಣು ನೋಡು, ಹೆಂಗೆ ಗುಳಿ ಬಿದ್ದವೆ! ಓದಿದ್ದು ಜಾಸ್ತಿ ಆಯ್ತು ನಿಂದು, ಮಲಗೋದು ಕಮ್ಮಿ ಆಯ್ತು. ಮಲಕ್ಕ ಹೋಗು, ನಾನು ನೋಡ್ಕಂತೀನಿ ನಮ್ಮಣ್ಣನ್ನ."

"ಮಲಗ್ತೀನಿ ತಡಿಯೇ, ಪಾತ್ರೆ ಒಂದಿಷ್ಟು ಅವೆ," ಎಂದು ಇವರು. ನಾದಿನಿ ಪಾತ್ರೆ ತೊಳೆದಿಟ್ಟು ಬರುವಷ್ಟರಲ್ಲಿ ಇವರು ಬಟ್ಟೆ ನೆನೆಹಾಕಿರುತ್ತಿದ್ದರು.

ಕಾಲು ಊದಲು ಶುರುವಾಗಿ ಬಹಳ ದಿನ ಅವರು ಡಾಕ್ಟರ ಹತ್ತಿರ ಹೋಗಲಿಲ್ಲ. ನಾನು ಹಟ ಹಿಡಿದು ಚಿತ್ರದುರ್ಗದಲ್ಲೇ ಒಬ್ಬ ಡಾಕ್ಟರಿಗೆ ತೋರಿಸಿದೆ. ಬಿಪಿ ವಿಪರೀತ ಏರಿತ್ತು. ರಕ್ತ, ಮೂತ್ರ ಎಲ್ಲ ಪರೀಕ್ಷೆಯಾಯಿತು. ಕಿಡ್ನಿ ಎರಡೂ ಬಹುಪಾಲು ಸೋತಿವೆ ಎಂದರು ಡಾಕ್ಟರು. "ಇನ್ನೂ ಸ್ವಲ್ಪ ಉಳಿದಿದೆ. ಮಾತ್ರೆ ತಪ್ಪದೆ ತಗೊಂಡು, ಬಿಪಿ ಇಳಿದು, ರಾತ್ರಿ ನಿದ್ದೆ ಅಂತ ಒಂದು ಬಂದ್ರೆ ಅಷ್ಟನ್ನಾದ್ರೂ ಉಳಿಸ್ಕೋಬಹುದು. ಮೊದಲು ಒಂದು ತಿಂಗಳು ಎಲ್ಲಾದ್ರೂ ಹೋಗಿ ಮಲಗಿ. ಇಲ್ಲಾಂದ್ರೆ ಡಯಾಲಿಸಿಸ್ ಕಡೆ ಹೋಗ್ತೀರಿ," ಎಂದು ನೇರವಾಗಿ ಹೇಳಿದರು.

ಮರುದಿನ ಬಸ್ಸಿನಲ್ಲಿ ಕೇಳಿದೆ: "ಅಕ್ಕಾ, ನಿದ್ದೆಗೂ ಕಿಡ್ನಿಗೂ ಏನು ಸಂಬಂಧ? ನನಗೆ ತಿಳಿಯೋ ಹಾಗೆ ಹೇಳಿ."

"ಕಿಡ್ನಿ ನೆತ್ತಿ ಮೇಲೆ ಟೋಪಿ ಇಟ್ಟಂಗೆ ಒಂದು ಗ್ರಂಥಿ ಐತೆ. ಗಾಬರಿ ಆದಾಗ ಅದು ರಸ ಬಿಡ್ತೈತೆ. ಆ ರಸ ರಕ್ತಕ್ಕೆ ಸಕ್ಕರೆ ಏರಿಸ್ತೈತೆ, ಬಿಪಿ ಏರಿಸ್ತೈತೆ. ರೋಗದ ಕೂಡ ಹೊಡೆದಾಡೋ ಕಣಗಳಿಗೆ ನೀವು ಸ್ವಲ್ಪ ತಡೀರಿ ಅಂತೈತೆ. ನಾಯಿ ಅಟ್ಟಿಸ್ಕಂಡು ಬಂದಾಗ ಓಡೋಕೆ ಇದೆಲ್ಲ ಬೇಕು. ನಾಯಿ ಹೋದ್ಮೇಲೆ ಇಳೀಬೇಕು. ನಿದ್ದೇಲಿ ಪೂರ್ತಿ ಇಳೀಬೇಕು. ನಮ್ಮನೇಲಿ ನಾಯಿ ಹೋಗೋದೇ ಇಲ್ಲ."

"ಅಯ್ಯೋ, ಯಜಮಾನರನ್ನ ನಾಯಿ ಅಂದ್ರಾ?"

"ಥೂ, ಅವ್ರನ್ನಲ್ಲ ಕಣ್ರಿ! ಅವ್ರೂ ನನ್ ಜೊತೇನೇ ಓಡ್ತಾವ್ರೆ ಪಾಪ, ಮಲಕ್ಕಂಡೇ ಓಡ್ತಾವ್ರೆ." ಕಿಟಕಿಯ ಗಾಜು ಒಂದಿಷ್ಟು ಸರಿಸಿದರು. "ಕಿಡ್ನಿ ಒಳಗೆ ಕೂದಲಿಗಿಂತ ಸಣ್ಣ ಜರಡಿಗಳು ಅವೆ. ಅದ್ರ ಮೇಲೆ ವರ್ಷಾನುಗಟ್ಲೆ ಜೋರಾಗಿ ನೀರು ಬಿಟ್ರೆ ಹರೀದೇ ಇರ್ತವಾ? ಹರಿದ ಜಾಗಕ್ಕೆ ಮೈ ತೇಪೆ ಹಾಕ್ತೈತೆ. ತೇಪೆ ಹಾಕಿದ್ ಜಾಗ ಸೋಸಲ್ಲ."

ಇಷ್ಟನ್ನೂ ಅವರು ಬೇರೆ ಯಾರದೋ ಕಿಡ್ನಿಯ ವಿಷಯ ಹೇಳುವ ಹಾಗೆ ಹೇಳಿದರು. ಆ ದಿನ ಅವರ ತರಗತಿಯಲ್ಲಿ ಯಾವುದೋ ಹೂವಿನ ಭಾಗಗಳ ಪಾಠ. ಗೋಡೆಯಾಚೆಯಿಂದ ಎಂದಿನ ಗದರಿಕೆಯೇ ಕೇಳುತ್ತಿತ್ತು.

ಅವರ ತವರು ಹೊಸದುರ್ಗದ ಕಡೆಯ ಒಂದು ಹಳ್ಳಿ. ಅಲ್ಲಿ ಅಣ್ಣ ಮಳೆ ನಂಬಿ ರಾಗಿ ಬೆಳೆಯುತ್ತಿದ್ದರು. ಬಿತ್ತನೆಗೆ ಮುಂಚೆ ಬೀಜ ಹದ ಮಾಡಿಕೊಡುವ ಕೆಲಸವನ್ನು ಇವರು ಮದುವೆಯಾಗಿ ಬಂದ ಮೇಲೂ ಬಿಟ್ಟುಕೊಟ್ಟಿರಲಿಲ್ಲ. ಅಣ್ಣ ಚೀಲ ತಂದು ಇಳಿಸಿ ಹೋಗುತ್ತಿದ್ದರು, ಇವರು ಹದ ಮಾಡಿ ಕಳಿಸುತ್ತಿದ್ದರು. ಒಂದು ವರ್ಷ ಆ ಭಾನುವಾರ ನಾನೂ ಅಲ್ಲಿದ್ದೆ. ರಾಗಿಯನ್ನು ಕೆಲವು ಗಂಟೆ ನೀರಲ್ಲಿ ನೆನೆಸಿ, ಬಸಿದು, ಒದ್ದೆ ಪಂಚೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಬಚ್ಚಲಮನೆಯ ಗೂಟಕ್ಕೆ ನೇತುಹಾಕುವುದು. ಎರಡು ದಿನವಾದ ಮೇಲೆ ಬಿಚ್ಚಿ, ಪಡಸಾಲೆಯ ನೆರಳಲ್ಲಿ ಹಳೆಯ ಸೀರೆಯ ಮೇಲೆ ಹರವಿ ಒಣಗಿಸುವುದು. ಅಷ್ಟೇ. ಹೀಗೆ ಮಾಡಿದ ಬೀಜ, ಬಿತ್ತಿದ ಮೇಲೆ ಮಳೆ ಕೈಕೊಟ್ಟರೂ ಬೇಗ ಬಾಡುವುದಿಲ್ಲ.

ಅಂಗೈಯಲ್ಲಿ ನಾಲ್ಕು ಕಾಳು ಹಾಕಿ ಕನ್ನಡಕ ಏರಿಸಿ ತೋರಿಸಿದರು. "ಇಲ್ ನೋಡ್ರಿ, ಕಾಳಿನ ಮೂತಿ ಉಬ್ಬೈತೆ, ಬೇರು ಹೊರಗೆ ಬಂದಿಲ್ಲ. ಒಳಗೆ ಕೆಲ್ಸ ಶುರುವಾಗೈತೆ. ಈ ಹೊತ್ತಲ್ಲಿ ಒಣಗಿಸಿದ್ರೆ ಅದಕ್ಕೊಂದು ಸಣ್ಣ ಕಷ್ಟ. ಕೆಲ್ಸ ನಿಲ್ಸಿ, ಬರಗಾಲಕ್ಕೆ ಏನೇನು ಬೇಕೋ ಎಲ್ಲ ಜೋಡಿಸಿಟ್ಕಂಡು ಸುಮ್ಮನೆ ಕುಂತ್ಕಂತೈತೆ. ಆ ಸುಮ್ಮನೆ ಕುಂತ್ಕಳೋದು ಐತಲ್ಲ, ಅದರಿಂದಲೇ ಗಟ್ಟಿ ಆಗೋದು."

"ಇನ್ನೆರಡು ದಿನ ಜಾಸ್ತಿ ಕಟ್ಟಿಟ್ಟರೆ ಇನ್ನೂ ಗಟ್ಟಿ ಆಗ್ತದಾ?"

"ಕನ್ನಡ ಮೇಡಂ ಅಂತ ಸುಮ್ನೆ ಬಿಡ್ತೀನಿ. ನನ್ ಸ್ಟೂಡೆಂಟ್ ಆಗಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ಬೇರು ಬಿಟ್ ಮೇಲೆ ಒಣಗಿಸಿದ್ರೆ ಸತ್ತೋಗ್ತೈತೆ. ಹಿಂದಕ್ಕೆ ಹೋಗೋ ದಾರಿ ಅದಕ್ಕೆ ಮರ್ತೋಗಿರ್ತೈತೆ."

ಡಾಕ್ಟರು ಹೇಳಿದ ಒಂದು ತಿಂಗಳ ವಿಶ್ರಾಂತಿಗೆ ನಾನೂ ನಾದಿನಿಯೂ ಸೇರಿ ಏರ್ಪಾಡು ಮಾಡಿದೆವು. ನಾದಿನಿ ಎಮ್ಮೆಗಳನ್ನು ಪಕ್ಕದ ಮನೆಗೆ ಒಪ್ಪಿಸಿ ದುರ್ಗಕ್ಕೆ ಬಂದರು. ಇವರು ಹೊಸದುರ್ಗದ ಅಣ್ಣನ ಮನೆಗೆ ಹೋಗಿ ಮಲಗಬೇಕು. ಬೇಸಿಗೆ ರಜೆಯ ಕೊನೆ, ರಾಗಿ ಹದ ಮಾಡುವ ಕಾಲವೂ ಅದೇ. ಹೊರಡುವ ಮೊದಲೇ ಬೀಜ ನೆನೆಸಿ ಗಂಟು ಕಟ್ಟಿದ್ದರು, ಅಣ್ಣನ ಮನೆಯಲ್ಲೇ ಒಣಗಿಸಿದರಾಯಿತು ಎಂದು.

ಹೊರಡುವ ದಿನ ಯಜಮಾನರು ತಂಗಿಯ ಕೈಯಿಂದ ಗಂಜಿ ಕುಡಿಯಲಿಲ್ಲ. ಬಾಯಿ ಬಿಗಿ ಹಿಡಿದರು. ನಾದಿನಿ ಮುದ್ದು ಮಾಡಿದರು, ಬೈದರು, ಚಿಕ್ಕಂದಿನಲ್ಲಿ ಅಣ್ಣ ತನಗೆ ಪೇರಲಹಣ್ಣು ಕದ್ದು ತಂದುಕೊಟ್ಟ ಕಥೆ ಹೇಳಿದರು. ಊಹೂಂ. ಇವರು ಚಪ್ಪಲಿ ಬಿಟ್ಟು ಒಳಗೆ ಬಂದು ಚಮಚ ಹಿಡಿದರೆ ಬಾಯಿ ತೆರೆಯುತ್ತಿತ್ತು. ಇವತ್ತು ಒಗ್ಗಿಕೊಳ್ಳುತ್ತಾರೆ, ನಾಳೆ ಒಗ್ಗಿಕೊಳ್ಳುತ್ತಾರೆ ಎಂದು ಇವರು ಪ್ರಯಾಣ ಮುಂದಕ್ಕೆ ಹಾಕುತ್ತ ಹೋದರು. ಗಂಟು ಬಚ್ಚಲಮನೆಯ ಗೂಟದಲ್ಲಿಯೇ ಉಳಿಯಿತು. ಯಾರಿಗೂ ಅದರ ನೆನಪಿರಲಿಲ್ಲ.

ನಾನು ಹೋದ ದಿನ ಅದನ್ನು ಬಿಚ್ಚುತ್ತಿದ್ದರು. ಪಂಚೆಯ ನೇಯ್ಗೆಯೊಳಗೆಲ್ಲ ಬಿಳಿ ಬೇರು ತೂರಿ, ರಾಗಿ ಒಂದು ಮೆತ್ತೆಯ ಹಾಗೆ ಹೆಣೆದುಕೊಂಡಿತ್ತು. ಎಳೆದರೆ ಬೇರು ಕಿತ್ತು ಸಣ್ಣಗೆ ಚಟಚಟ ಅನ್ನುತ್ತಿತ್ತು. ಅವರು ಅದನ್ನು ತುಂಡು ತುಂಡಾಗಿ ಬಿಡಿಸಿ, ಸೀರೆಯ ಮೇಲೆ ಹರವತೊಡಗಿದರು.

"ಒಣಗಿಸ್ತಾ ಇದ್ದೀರಲ್ಲ ಅಕ್ಕ? ಸಾಯ್ತದೆ ಅಂದಿದ್ರಿ."

"ಸಾಯ್ತೈತೆ. ಹಂಗೇ ಬಿಟ್ರೆ ಬೂಷ್ಟು ಬರ್ತೈತೆ. ಒಣಗಿಸಿ ಬೀಸಿದ್ರೆ ಹಿಟ್ಟಾದ್ರೂ ಆಗ್ತೈತೆ. ಇವ್ರಿಗೆ ಗಂಜಿಗೆ ಒಳ್ಳೇದು, ಬೇಗ ಅರಗ್ತೈತೆ." ಅಣ್ಣನಿಗೆ ಫೋನ್ ಮಾಡಿ, ಈ ಸಲ ಅಂಗಡಿಯಿಂದಲೇ ಬೀಜ ತರಲು ಹೇಳಿದರು. ಹೇಳುವಾಗ ದನಿಯಲ್ಲಿ ಏನೂ ಇರಲಿಲ್ಲ.

ಕೊನೆಗೆ ಹೋದರು. ಯಜಮಾನರಿಗೆ ಜ್ವರವೋ ಏನೋ ಬಂದು ಸುಸ್ತಾಗಿ, ಯಾರ ಕೈಯಿಂದಾದರೂ ಒಂದಿಷ್ಟು ಕುಡಿಯುವ ಸ್ಥಿತಿಗೆ ಬಂದ ಮೇಲೆ, ನಾದಿನಿಯೇ ಇವರನ್ನು ಬಲವಂತವಾಗಿ ಬಸ್ಸು ಹತ್ತಿಸಿದರು. ತಿಂಗಳು ಇರಬೇಕಾದವರು ವಾರ ತುಂಬುವ ಮೊದಲೇ ವಾಪಸಾದರು. ನಾನು ಬಸ್ಸಿನಲ್ಲೇ ರೇಗಿದೆ.

"ಅಲ್ಲಿ ಏನಿತ್ತಕ್ಕ ತೊಂದರೆ? ನಿಮ್ಮತ್ತಿಗೆ ಕಾಫಿ ಮಾಡಿಕೊಡಲಿಲ್ವಾ?"

"ತಟ್ಟೆ ತೊಳೆಯೋಕೂ ಬಿಡ್ಲಿಲ್ಲ. ಮಾವಿನಮರದ ಕೆಳಗೆ ಮಂಚ ಹಾಕಿಕೊಟ್ರು. ನಿದ್ದೆ ಬರ್ಬೇಕಲ್ಲ? ಎರಡೆರಡು ಗಂಟೆಗೆ ಎದ್ದು ಕುಂತ್ಕಂಡು ಪಕ್ಕ ತಡಕ್ತಿದ್ದೆ. ಒಂದಿನ ದಿಂಬನ್ನೇ ಮಗ್ಗುಲು ಬದಲಿಸಿ ಮಲಗಿಸಿದ್ದೆ ಅಂತ ಅತ್ತಿಗೆ ನಗ್ತಾ ಇದ್ರು. ಅಲ್ಲಿನ ಡಾಕ್ಟ್ರು ಬಿಪಿ ನೋಡಿದ್ರೆ ದುರ್ಗದಲ್ಲಿ ಇದ್ದಿದ್ದಕ್ಕಿಂತ ಜಾಸ್ತಿ." ಚೀಲದಿಂದ ಕಡಲೆಕಾಯಿ ಪೊಟ್ಟಣ ತೆಗೆದು ಕೊಟ್ಟರು. "ನಾಯಿ ಈಗ ಹೊರಗಿಲ್ಲ ಕನ್ನಡ ಮೇಡಂ."

ನಾನು ಕಡಲೆಕಾಯಿ ತಿನ್ನಲಿಲ್ಲ.

ಡಯಾಲಿಸಿಸ್ ಶುರುವಾಯಿತು. ಮಂಗಳವಾರ, ಶುಕ್ರವಾರ. ಬೆಳಿಗ್ಗೆ ಒಂದು ಆಟೋ ಬಂದು ಕರೆದುಕೊಂಡು ಹೋಗುತ್ತಿತ್ತು, ಮಧ್ಯಾಹ್ನ ತಂದು ಬಿಡುತ್ತಿತ್ತು. ಉಳಿದ ದಿನ ಕಾಲೇಜಿಗೆ ಬರುತ್ತಿದ್ದರು. ಸೂಜಿ ಚುಚ್ಚಿದ ಕೈಗೆ ಉದ್ದ ತೋಳಿನ ರವಿಕೆ ಹಾಕಿಕೊಂಡು, ನಿಂತು ಪಾಠ ಮಾಡಲಾಗದೆ ಕುರ್ಚಿಯಲ್ಲಿ ಕೂತು. ಆ ವರ್ಷವೂ ಜೀವಕೋಶದ ಪಾಠ ಬಂತು. ಬಿಸಿ ಬಂತು, ಸಹಾಯದ ಪ್ರೋಟೀನು ಬಂತು, ತೊಟ್ಟಿಲು ಬಂತು. ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ಪೀರಿಯಡ್ಡಿಗೆ ಹೇಳುತ್ತಾರೆಂದುಕೊಂಡಿದ್ದೆ. ಹೇಳಲಿಲ್ಲ, ಮುಂದಿನ ಅಧ್ಯಾಯಕ್ಕೆ ಹೋದರು.

ದೀಪಾವಳಿ ಕಳೆದ ಮೇಲೆ ಯಜಮಾನರು ಹೋದರು. ಎದೆಯಲ್ಲಿ ಕಫ ಕಟ್ಟಿತ್ತು. ಮಣ್ಣು ಮಾಡಿ ಬಂದ ಮೇಲೆ ಜನ ಬಂದು ಬಂದು ಅದನ್ನೇ ಹೇಳಿದರು: ಅವರಿಗೂ ಬಿಡುಗಡೆ ಆಯ್ತು, ನಿಮಗೂ ಆಯ್ತು, ಇನ್ನಾದರೂ ಮಲಗಿ. ಅವರು ಹೂಂ ಎನ್ನುತ್ತಿದ್ದರು. ಹೂಂ ಎಂದು ಆ ಖಾಲಿ ಮಂಚದ ಕಡೆ ನೋಡುತ್ತಿದ್ದರು. ಹೊತ್ತು ಹೊತ್ತಿಗೆ ಎದ್ದುಹೋಗಿ ಹಾಸಿಗೆಯ ಸುಕ್ಕು ಎಳೆದು ಬರುತ್ತಿದ್ದರು. ನಾದಿನಿ ಎಮ್ಮೆಗಳನ್ನು ಮಾರಿ, ಹೊಲ ಪಾಲಿಗೆ ಕೊಟ್ಟು, ಇವರ ಜೊತೆಗೇ ಬಂದು ನೆಲೆಸಿದರು. "ಅಣ್ಣನ್ನ ನೋಡ್ಕಳೋಕೆ ಬರಕ್ಕಾಗ್ಲಿಲ್ಲ, ನಿನ್ನಾದ್ರೂ ನೋಡ್ಕಂತೀನಿ," ಎಂದು.

ಅದಾಗಿ ಒಂದೂವರೆ ತಿಂಗಳಿಗೆ, ಒಂದು ಭಾನುವಾರ ಹೋದಾಗ, ಇವರು ಹಗಲಲ್ಲೇ ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ದೀರ್ಘವಾಗಿತ್ತು. ನಾದಿನಿ ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಮುಖದಲ್ಲಿ ಹಬ್ಬವಿತ್ತು.

"ಟೀಚರಮ್ಮಾ, ನಿದ್ದೆ ಬಂದೈತೆ ಅತ್ತಿಗೆಗೆ! ಮೂರ್ನಾಲ್ಕು ದಿನ ಆಯ್ತು. ಕುಂತಲ್ಲೇ ತೂಕಡಿಸ್ತಾಳೆ, ಉಣ್ತಾ ಉಣ್ತಾ ಮಲಕ್ಕಂತಾಳೆ."

ಸ್ವಲ್ಪ ಹೊತ್ತಿಗೆ ಅವರಿಗೆ ಎಚ್ಚರವಾಯಿತು. ನನ್ನನ್ನು ನೋಡಿ ನಕ್ಕರು. ಕಣ್ಣು ಸುತ್ತ ಊದಿತ್ತು. ನಾವದನ್ನು ನಿದ್ದೆಯ ಊತ ಎಂದುಕೊಂಡೆವು.

"ಎಷ್ಟು ನಿದ್ದೆ ಬರ್ತೈತೆ ಗೊತ್ತಾ ಕನ್ನಡ ಮೇಡಂ? ಚಿಕ್ಕ ಹುಡುಗಿ ಆಗಿದ್ದಾಗ ಬರ್ತಿತ್ತಲ್ಲ, ಹಂಗೆ. ಮೈಗೆ ಕೊನೆಗೂ ಗೊತ್ತಾತು ನೋಡ್ರಿ, ಇನ್ನು ಯಾರನ್ನೂ ಎತ್ತೋದಿಲ್ಲ ಅಂತ." ಮತ್ತೆ ಕಣ್ಣು ಮುಚ್ಚಿತು. ಎಷ್ಟೋ ವರ್ಷ ಹುಡುಗರಿಗೆ ಕಿಡ್ನಿಯ ಪಾಠ ಮಾಡಿದವರು ಅವರು. ಅವರಿಗೇ ಹಾಗನ್ನಿಸಿತು. ನಾನು ಮನೆಗೆ ಬಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಆ ವಾರ ಶನಿವಾರ ಬೆಳಿಗ್ಗೆ ನಾದಿನಿಯ ಫೋನ್ ಬಂತು. ಅತ್ತಿಗೆ ಎಬ್ಬಿಸಿದರೆ ಏಳುತ್ತಿಲ್ಲ, ಉಸಿರು ಒಂಥರಾ ಇದೆ ಎಂದರು. ನಾನು ಹೋಗುವಷ್ಟರಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಒಂದು ವಾರದಿಂದ ತೂಕಡಿಕೆ ಇತ್ತಾ?" ಇತ್ತು ಎಂದೆ. ಅದು ನಿದ್ದೆಯಲ್ಲ, ಸೋಸದೆ ಉಳಿದ ಕಲ್ಮಶ ರಕ್ತದಲ್ಲಿ ಸೇರಿ ತಲೆಗೆ ಏರುವಾಗ ಬರುವ ಮಂಪರು ಎಂದರು. "ಮಂಗಳವಾರ ಬಂದಾಗ ಸುಸ್ತು ಅಂತಷ್ಟೇ ಅಂದಿದ್ರು. ನಿನ್ನೆ ಶುಕ್ರವಾರ ಯಾಕೆ ಡಯಾಲಿಸಿಸ್‌ಗೆ ಬರಲಿಲ್ಲ?"

ನನಗೆ ಗೊತ್ತಿರಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದ ನಾದಿನಿಯ ಹತ್ತಿರ ಹೋದೆ. ಕೇಳುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡು ಹೇಳತೊಡಗಿದರು.

"ಒಂದು ಸಮಾಧಾನ ಕಣಮ್ಮ. ಕೊನೆಗಾದ್ರೂ ಕಣ್ತುಂಬ ನಿದ್ದೆ ಮಾಡಿದ್ಲು. ನಿನ್ನೆ ಬೆಳಿಗ್ಗೆ ಆಟೋದವ್ನು ಬಂದು ಹಾರನ್ ಹೊಡೀತಿದ್ದ. ನಾನೇ ಓಡಿಹೋಗಿ ಬೈದು ಕಳಿಸ್ದೆ. ಇಷ್ಟು ವರ್ಷದ ನಿದ್ದೆ ಇವತ್ತು ಬಂದೈತೆ, ಎಬ್ಬಿಸಲ್ಲ, ನಾಳೆ ಬಾರಪ್ಪ ಅಂದೆ."

ನಾನು ಡಾಕ್ಟರ ಹತ್ತಿರ ವಾಪಸು ಹೋಗಿ, ಆಟೋ ಬರಲಿಲ್ಲವಂತೆ ಎಂದೆ.

ಸಂಜೆ ಮನೆಯಲ್ಲಿ ಜನ ಸೇರುವ ಮುಂಚೆ, ಬಂದವರಿಗೆ ಒಂದು ಲೋಟ ಕಾಫಿಯಾದರೂ ಮಾಡೋಣವೆಂದು ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ಹಿಂದಿನ ದಿನದ ಅನ್ನ ಮುಟ್ಟದೆ ಹಾಗೇ ಇತ್ತು. ಗಂಜಿ ಬಸಿದ ಬಟ್ಟಲು ಪಕ್ಕದಲ್ಲಿತ್ತು. ಕುಕ್ಕರು ಮೇಲಿನ ಹಲಗೆಯಲ್ಲಿ ಬೋರಲಾಗಿತ್ತು. ನಾನು ಅದನ್ನು ನೋಡುತ್ತ ನಿಂತದ್ದನ್ನು ಕಂಡು ನಾದಿನಿ ಬಾಗಿಲಲ್ಲಿ ನಿಂತೇ ಹೇಳಿದರು:

"ಸೀಟಿ ಕೂಗಿದ್ರೆ ಅತ್ತಿಗೆಗೆ ಎಚ್ಚರ ಆದಾತು ಅಂತ ಪಾತ್ರೇಲೇ ಬಸಿದೆ ಕಣಮ್ಮ."